ಸುವರ್ಣಾ ಒದರಿದಳು

ಅತ್ತೆಯವರೇ, ನಮಸ್ಕಾರ. ಹೈದರಾಬಾದಿನ ಗಗನಸಖಿ ತರಬೇತಿ ಶಾಲೆಯಲ್ಲಿ ಇಂದು ನಮ್ಮ ಸುವರ್ಣಾಳ ಕೊನೆಯ ಪರೀಕ್ಷೆ ನೋಡಿದೆ. ತರಬೇತಿಗೆಂದೇ ಇಟ್ಟ ರೆಕ್ಕೆಯಿಲ್ಲದ ವಿಮಾನವೊಂದರ ತುಂಬ ಹೊಗೆ ಬಿಟ್ಟಿದ್ದರು. ಪ್ರಯಾಣಿಕರಂತೆ ಒಳಗೆ ಕೂತವರನ್ನು ಕೂಗಿ ಕೂಗಿ ಜಾರುಬಂಡೆಯಿಂದ ಇಳಿಸಬೇಕು. ನಿಮ್ಮ ಮಗ ತೀರಿಕೊಂಡ ಮೇಲೆ ದನಿ ಮೆತ್ತಗಾಗಿ, ಹಿಂದಿನ ಸಲ ನಪಾಸಾಗಿದ್ದಳು. "ಅಪ್ಪನ ಜೋಡಿ ಜ್ವಾಳದ ಹೊಲದಾಗ ಹಕ್ಕಿ ಓಡಿಸಿದಂಗ ಒದರ ಬೇ" ಎಂದು ಹೇಳಿ ಕಳಿಸಿದೆ. ಅವಳು ಇಂಗ್ಲಿಷನ್ನೇ ಮರೆತು, "ಚೀಲ ಒಗೀರಿ, ಜಿಗೀರಿ" ಎಂದು ಒದರಿದಳು. ಕನ್ನಡ ಬಾರದವರೂ ಜಿಗಿದರು. ಪರೀಕ್ಷೆ ಮಾಡುವ ಮೇಡಂ ನಕ್ಕು, ಅದೇ ದನಿಯಲ್ಲಿ ಇಂಗ್ಲಿಷಿನಲ್ಲಿ ಕೂಗಿಸಿ ಪಾಸು ಮಾಡಿದರು. ನನ್ನ ಮೊಣಕಾಲು ನೋವು ಕಡಿಮೆಯಿದೆ. ಸೋಮವಾರ ಇಬ್ಬರೂ ಹೊನವಾಡಕ್ಕೆ ಬರುತ್ತೇವೆ. ಬಸ್ಸಿಳಿದು ಅವಳು ನಿಮ್ಮನ್ನು ಕೂಗಿದರೆ ಬೆಚ್ಚಬೇಡಿ. ದನಿ ಥೇಟ್ ನಿಮ್ಮ ಮಗನದು.

ನಿಮ್ಮ ಸೊಸೆ,
ದುಂಡವ್ವ