ಎದುರುಬದುರು ಗಿಳಿಗಳು

ಅಕ್ಕಾ,

‘ಬಾಗಿಲ ಗಿಳಿಗಳಿಗೆ ಹಾರುವ ಆಸೆಯಿಲ್ಲ’ ಎಂಬಂಥ ಒಂದು ಸಾಲನ್ನು ಎಲ್ಲೋ ಓದಿದ್ದೆ. ಮುಂದಿನದು ನೆನಪಿಲ್ಲ. ಆದರೆ ಅದು ನಿಜವೇ? ಇವತ್ತು ನಾನು ಮಾಡಿದ ಕಾಗದದ ಗಿಳಿಗಳು ಕಿಟಕಿಯ ಗಾಳಿಗೆ ರೆಕ್ಕೆ ಅಲುಗಿಸುವುದನ್ನು ನೀನು ನೋಡಬೇಕಿತ್ತು!

ನಿನ್ನ ಮರದ ಅಚ್ಚಿನಲ್ಲೇ ಒತ್ತಿದೆ. ಒಂದೇ ಗಿಳಿಯನ್ನು ನಾಲ್ಕು ಸಲ ಒತ್ತಿ, ಮೊದಲನೆಯದನ್ನು ಇಡಿಯಾಗಿ, ಉಳಿದವುಗಳಲ್ಲಿ ಬರೀ ಮೈ, ರೆಕ್ಕೆ, ಕೊಕ್ಕು ಕತ್ತರಿಸಿ, ನಡುವೆ ಥರ್ಮೋಕೋಲ್ ಚೂರಿಟ್ಟು ಒಂದರ ಮೇಲೊಂದು ಅಂಟಿಸಿದೆ. ಗಿಳಿ ಕಾಗದದಿಂದ ಎದ್ದು ಬಂತು. ಆದರೆ ಅಚ್ಚು ಒಂದೇ ಅಲ್ಲವೆ, ಎರಡನೆಯ ಗಿಳಿಯೂ ಎಡಕ್ಕೇ ನೋಡುತ್ತಿತ್ತು. ಬಾಗಿಲ ಎರಡು ಬದಿಗೆ ಕಟ್ಟಿದರೆ ಅವು ಎದುರುಬದುರಾಗಿರಬೇಕು. ಪ್ರತಿ ದೀಪಾವಳಿಗೂ ನೀನು ಹಾಗೇ ಮಾಡುತ್ತಿದ್ದೆ. ನಾನು ಪುಸ್ತಕ ಹಿಡಿದು ಪಕ್ಕದಲ್ಲೇ ಕೂತಿರುತ್ತಿದ್ದೆ, ಹೇಗೆ ಎಂದು ಒಮ್ಮೆಯೂ ಕೇಳಲಿಲ್ಲ.

ಇವತ್ತು ಗೊತ್ತಾಯಿತು ಅಕ್ಕಾ! ತೆಳುವಾದ ಎಣ್ಣೆಕಾಗದದ ಮೇಲೆ ಒತ್ತಿ, ಬಣ್ಣ ಹಸಿ ಇರುವಾಗಲೇ ದಪ್ಪ ಕಾಗದಕ್ಕೆ ಮಗುಚಿ ಉಜ್ಜಿದೆ. ಗಿಳಿ ಬಲಕ್ಕೆ ತಿರುಗಿಬಿಟ್ಟಿತು! ಒಬ್ಬಳೇ ಚಪ್ಪಾಳೆ ತಟ್ಟಿದೆ. ನೀನೂ ಹೀಗೇ ಮಾಡುತ್ತಿದ್ದೆಯಾ?

ನೀನು ತೀರಿಕೊಂಡು ವರ್ಷ ತುಂಬಿಲ್ಲವಾದ್ದರಿಂದ ಈ ಸಲ ನಮ್ಮಲ್ಲಿ ಹಬ್ಬವಿಲ್ಲ. ಗಿಳಿಗಳನ್ನು ಕಟ್ಟಬಹುದೋ ಬಾರದೋ ತಿಳಿಯದೆ ಮೇಜಿನ ಮೇಲೇ ಇಟ್ಟಿದ್ದೆ. ನಾವು ಬಾಣಲೆ ಇಡುವಂತಿಲ್ಲವಲ್ಲ, ಪಕ್ಕದ ಮನೆಯ ಬಸಮ್ಮ ಕಜ್ಜಾಯ ತಂದರು. ಬಾಗಿಲಲ್ಲೇ ನಿಂತು ಒಳಗೆ ಇಣುಕಿದವರು ಅಂದರು:

“ಅಯ್ಯೋ, ನಿಮ್ಮಕ್ಕ ಮಾಡಿಟ್ಟು ಹೋಗಿದ್ಲಾ ಇವನ್ನ? ಒಳಗ್ಯಾಕ್ ಮಡಗಿದೀಯ ಕಣವ್ವ, ಬಾಗ್ಲಿಗೆ ಕಟ್ಟು!”