ಕಾರಣರಾದವರ ಹೆಸರು

ಸವಳು ಶಕೆ ಮೂವತ್ತೊಂದು, ಎರಡನೆಯ ಬೇಸಿಗೆಯ ಹದಿನೇಳನೆಯ ದಿನ
ಮುಂಡರಗಿ, ನಾಲ್ಕನೆಯ ಓಣಿ

ಭೂಮಿಕಾಳಿಗೆ ನಿಂಬೆವ್ವ ಬರೆಯುವ ಓಲೆ.

ಮೇಲಿನ ತಾರೀಖು ನಿನಗೆ ಅರ್ಥವಾಗಲಿಕ್ಕಿಲ್ಲ, ಕ್ಷಮಿಸು. ನಿನ್ನ ಕ್ಯಾಲೆಂಡರಿನ ಪ್ರಕಾರ ಇದು 2159. ಮುಂದಿನ ಕೆಲವು ಮಾತುಗಳೂ ವಿಚಿತ್ರವಾಗಿ ಕಾಣಬಹುದು, ಅವು ಹುಟ್ಟಿದ್ದೇ ನೀನು ಹೋದ ಮೇಲೆ. ಸಂಬಂಧದಲ್ಲಿ ನೀನು ನನ್ನ ಮುತ್ತಜ್ಜಿಯ ತಾಯಿ. ಆದರೆ ನಾನು ಬರೆಯುತ್ತಿರುವುದು ಹದಿನೇಳು ವರ್ಷದ ಹುಡುಗಿಗೆ, ನನ್ನ ಮಗಳು ದ್ಯಾಮವ್ವನಿಗಿಂತ ಒಂದೇ ವರ್ಷ ದೊಡ್ಡವಳಿಗೆ. ಆದ್ದರಿಂದ ಬಹುವಚನ ಬಿಟ್ಟಿದ್ದೇನೆ.

ನಮ್ಮ ಮಕ್ಕಳು ಏನು ಓದಬೇಕೆಂದು ಹೇಳುವುದು ಜಾಡು. ಹಿಂದಿನ ಐದು ತಲೆಮಾರಿನವರು ಏನೇನು ಓದಿದರು ಎಂಬ ದಾಖಲೆಗೆ ಆ ಹೆಸರು. ನಿನ್ನ ಕಾಲದಲ್ಲಿ ಅಂಕಪಟ್ಟಿ ತೋರಿಸಿದರೆ ಮುಂದೇನು ಓದಬಹುದೆಂದು ಯಂತ್ರ ಸಲಹೆ ಕೊಡುತ್ತಿತ್ತಂತೆ. ಸಲಹೆ ಕೇಳಿ ಕೇಳಿ ಜನರಿಗೆ ರೂಢಿಯಾಯಿತು, ರೂಢಿಯಾದದ್ದು ಕಾನೂನಾಯಿತು. ಜಾಡಿನಲ್ಲಿ ಇಲ್ಲದ ವಿದ್ಯೆಗೆ ಈಗ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಐವರಲ್ಲಿ ಒಬ್ಬರು ಒಂದೇ ಒಂದು ದಿನ ಆ ವಿದ್ಯೆಯ ಪರೀಕ್ಷೆಗೆ ಕೂತಿದ್ದರೆ ಸಾಕು, ಫೇಲಾಗಿದ್ದರೂ ನಡೆಯುತ್ತದೆ. ಹಾಜರಿ ಹಾಳೆಯಲ್ಲಿ ಸಹಿ ಇರಬೇಕು, ಅಷ್ಟೇ.

ನಮ್ಮದು ಮಾತ್ರೆಯವರ ಜಾಡು. ನಾನು ದಿನಕ್ಕೆ ಒಂಬತ್ತು ತಾಸು ಮಾತ್ರೆ ಯಂತ್ರದ ಮುಂದೆ ಕೂತು, ಒಡೆದ ಮಾತ್ರೆಗಳನ್ನು ಆರಿಸುತ್ತೇನೆ. ನನ್ನವ್ವ ಮಾಡಿದ್ದೂ ಅದೇ. ದ್ಯಾಮವ್ವನಿಗೆ ಮಾತ್ರೆ ಕಂಡರೆ ಆಗುವುದಿಲ್ಲ. ನಮ್ಮ ಓಣಿಗೆ ಇದ್ದದ್ದು ಒಂದೇ ಎಮ್ಮೆ, ಅದರ ಹಾಲು ಹಸುಗೂಸುಗಳಿಗೆ ಮಾತ್ರ. ಇವಳು ನಡೆಯಲು ಕಲಿತಾಗಿನಿಂದ ಆ ಎಮ್ಮೆಯ ಹಿಂದೆಯೇ ಬೆಳೆದಳು. ಹೋದ ವರ್ಷ ಅದರ ಹೊಟ್ಟೆಗೆ ಕಿವಿಯಿಟ್ಟು, ಉಬ್ಬರ ಬರುತ್ತಿದೆ, ಬೇಗ ಏನಾದರೂ ಮಾಡಿ ಎಂದು ಗೋಗರೆದಳು. ಪಶುವೈದ್ಯರ ಜಾಡಿನ ಒಬ್ಬ ಮಹಾಶಯ ಬಂದಿದ್ದ. "ಮಾತ್ರಿಯವರ ಮನಿ ಹುಡುಗಿ, ಇಕೀಗೇನ್ ತಿಳೀತೈತಿ?" ಎಂದು ನಕ್ಕು ಹೋದ. ಮೂರನೆಯ ದಿನ ಎಮ್ಮೆ ಸತ್ತಿತು. ಅಂದು ಅವಳು ಅಳಲಿಲ್ಲ, ಊಟವನ್ನೂ ಮಾಡಲಿಲ್ಲ. ನನಗೆ ಹೆದರಿಕೆಯಾಯಿತು.

ಆಮೇಲೆ ನಮ್ಮ ಜಾಡನ್ನು ತೆಗೆಸಿ ನೋಡಿದೆವು. ಅದರ ಕೊನೆಯಲ್ಲಿ ನೀನು ಸಿಕ್ಕೆ. ನಿನ್ನ ನೂರು ಪುಟದ ನೋಟ್‌ಬುಕ್ಕಿನ ಪ್ರತಿ ಇದೆ. ಹಸಿರು ಪೆನ್ನಿನಲ್ಲಿ ನಿನ್ನ ಇಡೀ ಬಾಳನ್ನು ಬರೆದಿಟ್ಟಿದ್ದೀಯ: ಪಿಯುಸಿ, ಫಾರ್ಮಸಿ, ಇಪ್ಪತ್ತೈದಕ್ಕೆ ಬಸ್‌ಸ್ಟ್ಯಾಂಡಿನ ಎದುರು ಸ್ವಂತ ಔಷಧಿ ಅಂಗಡಿ. ಬರೆದದ್ದನ್ನೆಲ್ಲ ಮಾಡಿಯೂ ತೋರಿಸಿದೆ. ಕೊನೆಯ ಪುಟದಲ್ಲಿ ಮಾತ್ರ ಪೆನ್ಸಿಲಿನಲ್ಲಿ ಬೀಜಗಳ ಹೆಸರುಗಳಿವೆ: ಸಜ್ಜೆ, ನವಣೆ, ಕುಸುಬಿ, ಗುರೆಳ್ಳು. ಪಶುವೈದ್ಯ ಕಾಲೇಜಿಗೆ ಸೇರಬಯಸುವ ರೈತರ ಮಕ್ಕಳಿಗೆ ಬೀಜ ಗುರುತಿಸುವ ಪರೀಕ್ಷೆ ಇತ್ತಂತೆ. ನೀನು ಅರ್ಜಿ ಹಾಕಿದ್ದೆ, ಹಾಲ್ ಟಿಕೆಟ್ಟೂ ಬಂದಿತ್ತು. ಅದೇ ದಿನ ಫಾರ್ಮಸಿ ಕೋಚಿಂಗಿನ ಟೆಸ್ಟ್ ಇತ್ತು. ಬೀಜದ ಪಟ್ಟಿಯ ಕೆಳಗೆ ಬರೆದಿದ್ದೀಯ, "ಹೋಗಲಿಲ್ಲ. ಪ್ಲಾನ್‌ನಲ್ಲಿ ಇಲ್ಲ." ಹಾಜರಿ ಹಾಳೆಯಲ್ಲಿ ನಿನ್ನ ಹೆಸರಿನ ಮುಂದೆ 'ಗೈರು' ಎಂದಿದೆ. ಓದಿದಾಗ ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಆ ಹಾಳೆಯನ್ನು ಹರಿದು ಹಾಕಬೇಕೆನಿಸಿತು.

ಉಳಿದಿರುವುದು ಕವಲು ಪರೀಕ್ಷೆ. ಹದಿನಾರು ತುಂಬಿದವರು ತಮ್ಮ ಜಾಡಿನಾಚೆಯ ವಿದ್ಯೆಗೆ ಒಮ್ಮೆ ಕೂರಬಹುದು. ಕೂತವರಿಗೆ ಆ ವಿದ್ಯೆ ಸಿಗುವುದಿಲ್ಲ, ಅವರ ಮಕ್ಕಳಿಗೆ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ಮೂರು ವರ್ಷ ಸವಳು ಕೆರೆಯಬೇಕು. ಹೊಲಗಳ ಮೇಲೆ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿದೆ, ಅದನ್ನು ಕೆರೆದು ಗುಡ್ಡೆ ಹಾಕುವ ಕೆಲಸ. ನನ್ನ ಅಣ್ಣ ಮಾಡಿ ಬಂದ. ಬಂದವನು ಎರಡು ವರ್ಷ ಕೆಮ್ಮಿ ಕೆಮ್ಮಿ ತೀರಿಕೊಂಡ. ದ್ಯಾಮವ್ವನಿಗೆ ಇದನ್ನೆಲ್ಲ ಹೇಳಿ ನೋಡಿದೆ. "ನನಗಂತೂ ಆಗ್ಲಿಲ್ಲ ಅವ್ವಾ, ಮುಂದ ಹುಟ್ಟೋರಿಗರ ಆಗ್ಲಿ" ಅಂದಳು. ಅವಳ ಪರೀಕ್ಷೆ ನಾಳೆ.

ಪರೀಕ್ಷೆಗೆ ಮೊದಲು ದಾರಿ ಮುಚ್ಚಿದ ಹಿರಿಯರಿಗೆ ತಾಯಿಯೋ ತಂದೆಯೋ ಒಂದು ಓಲೆ ಬರೆದು ಕಚೇರಿಗೆ ಕೊಡಬೇಕು. ಅವರು ಮುದ್ರೆ ಒತ್ತಿ ಪೆಟ್ಟಿಗೆಗೆ ಹಾಕುತ್ತಾರೆ. ಅದು ನಿಮಗೆ ಮುಟ್ಟುತ್ತದೆಂದು ಯಾರೂ ನಂಬಿಲ್ಲ. ಓಲೆಯ ಕೊನೆಯಲ್ಲಿ 'ಕಾರಣರಾದವರ ಹೆಸರು' ಎಂಬ ಸಾಲಿದೆ. ಸತ್ತವರ ಹೆಸರು ಬರೆದರೆ ಸವಳಿಗೆ ಮಗು ಹೋಗುತ್ತದೆ. ಬದುಕಿರುವವರ ಹೆಸರು ಬರೆದರೆ ಅವರೇ ಹೋಗಬೇಕು. ನಮ್ಮ ಓಣಿಯಲ್ಲಿ ಇದುವರೆಗೆ ಎಲ್ಲರೂ ಸತ್ತವರ ಹೆಸರನ್ನೇ ಬರೆದಿದ್ದಾರೆ.

ನಾನೂ ಬೆಳಿಗ್ಗೆಯೇ ನಿನ್ನ ಹೆಸರು ಬರೆದುಬಿಟ್ಟಿದ್ದೆ. ದ್ಯಾಮವ್ವ ಹಿಂದೆ ನಿಂತು ನೋಡಿದಳು. "ಅಕೀ ಹೆಸರು ಬರದ್ಯಾ? ಬರೀ ಬಿಡು. ಅಕೀನೂ ನನ್ನಂಗ ಸಣ್ಣಾಕಿ ಇದ್ಲು" ಎಂದು ಹೇಳಿ ನೀರು ತರಲು ಹೋದಳು. ಅವಳಿಗೆ ಒಂದು ವಿಷಯ ಗೊತ್ತಿಲ್ಲ. ಹದಿನಾರರಲ್ಲಿ ನಾನೂ ಕವಲು ಪರೀಕ್ಷೆಗೆ ಹೆಸರು ಕೊಟ್ಟಿದ್ದೆ, ಅದೇ ಪಶುವೈದ್ಯಕೀಯಕ್ಕೆ. ಅಣ್ಣ ಆಗ ಒಳಗೆ ಮಲಗಿ ಕೆಮ್ಮುತ್ತಿದ್ದ. ಬಾಗಿಲವರೆಗೆ ಹೋಗಿ ಹಿಂದಿರುಗಿ ಬಂದೆ. ನನ್ನ ಹೆಸರಿನ ಮುಂದೆಯೂ 'ಗೈರು' ಎಂದೇ ಇದೆ. ಆ ಹಾಳೆಯನ್ನು ಅವಳ ಕಣ್ಣಿಗೆ ಬೀಳದಂತೆ ತೆಗೆದಿಟ್ಟಿದ್ದೇನೆ. ನೀನಾದರೂ ಮುಂದೇನಾಗುತ್ತದೆಂದು ತಿಳಿಯದೆ ತಪ್ಪಿಸಿಕೊಂಡೆ. ನಾನು ತಿಳಿದೂ ತಪ್ಪಿಸಿಕೊಂಡೆ.

ಆದರೂ ಕೇಳುತ್ತೇನೆ, ಒಂದು ವೇಳೆ ಈ ಓಲೆ ಹೇಗೋ ನಿನ್ನ ಕೈ ಸೇರಿದರೆ ಪರೀಕ್ಷೆಗೆ ಹೋಗು. ಕೋಚಿಂಗಿನ ಟೆಸ್ಟನ್ನು ಇನ್ನೊಂದು ದಿನ ಬರೆದರಾಯಿತು. ಔಷಧಿ ಅಂಗಡಿಯನ್ನೂ ಇಡು, ಬೇಡವೆನ್ನುವುದಿಲ್ಲ. ಸಜ್ಜೆ ಯಾವುದು, ನವಣೆ ಯಾವುದು ಎಂದು ಮರೆತುಹೋದರೆ ಸಹಿ ಮಾಡಿ ಎದ್ದು ಬಾ. ನಿನ್ನ ಪರೀಕ್ಷೆ ಬೆಳಿಗ್ಗೆ ಹತ್ತಕ್ಕಿತ್ತು. ನಾಳೆ ದ್ಯಾಮವ್ವನದೂ ಹತ್ತಕ್ಕೇ. ಅವಳ ಬುತ್ತಿಗೆ ರೊಟ್ಟಿ ಬಡಿಯಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಹೆಸರನ್ನು ಹೊಡೆದುಹಾಕಿದ್ದೇನೆ. ಅವಳಿನ್ನೂ ನೋಡಿಲ್ಲ.

ಕಾರಣರಾದವರ ಹೆಸರು: ನಿಂಬೆವ್ವ
ಬದುಕಿದ್ದಾರೋ ಇಲ್ಲವೋ: ಬದುಕಿದ್ದೇನೆ