ಗ್ಯಾಸು ಬಿಟ್ರೆ ಕೆಂಪು ಆರಲ್ವಾ?

ಮಾವ,

ನಿನ್ನ ಒಲೆ ರಿಪೇರಿ ಅಂಗಡಿಯೊಳಗೆ ಕೂತು, ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಅತ್ತೆ ಕೀ ಕೊಟ್ಟಳು. ಹೊರಗೆ ಹಿರಿಯೂರಿನ ಗಾಳಿ ತಗಡು ಬಡಿಯುತ್ತಿದೆ. ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಕೊಡದೆ ಫೋನ್ ಇಟ್ಟವಳು ನಾನು. ಆ ಉತ್ತರ ಹೇಳಲಿಕ್ಕೇ ಬಂದಿದ್ದೇನೆ. ಆದರೆ ನೀನು ಬಿಡುವವನೇ? ಮೊದಲಿನಿಂದ ಹೇಳು ಅನ್ನುತ್ತೀಯ.

ಹೈಸ್ಕೂಲಿನ ದಿನಗಳಲ್ಲಿ, ರಜೆ ಬಂತೆಂದರೆ ಹೊಳಲ್ಕೆರೆಯಿಂದ ಬಸ್ಸು ಹತ್ತಿ ನಿನ್ನ ಅಂಗಡಿಗೆ ಓಡಿ ಬರುತ್ತಿದ್ದೆ. ಕರೆಂಟ್ ಒಲೆಗೆ ಹೊಸ ಕಾಯಿಲ್ ಹಾಕಿದೆಯೋ, ರೆಗ್ಯುಲೇಟರ್ ಮುಟ್ಟುವ ಮೊದಲೇ ನಿನ್ನ ಕೂಗು: "ಲೇ ಗಂಗಿ, ಬಾಗ್ಲು ಹಾಕವ್ವ! ಗಾಳಿ ಹೊಡುದ್ರೆ ಕೆಂಪು ಆರ್ತೈತೆ." ನಿನ್ನನ್ನು ರೇಗಿಸಲೆಂದೇ ಒಂದು ಸಲ ಬಾಗಿಲು ತೆರೆದೆ. ಕೆಂಪು ಮಂಕಾಯಿತು, ನೀನು ಕರೆಂಟು ಏರಿಸಿದೆ, ನಾನು ದಡಕ್ಕನೆ ಬಾಗಿಲು ಮುಚ್ಚಿದೆ. ಗಾಳಿ ನಿಂತು ಕಾವು ಏರಿ, ಕಾಯಿಲ್ ಚಟ್ ಎಂದು ಕಿತ್ತುಹೋಯಿತು. ಹೊಡೆಯುತ್ತೀಯೇನೋ ಎಂದು ಹೆದರಿದ್ದೆ. ನೀನು ಇನ್ನೊಂದು ಕಾಯಿಲ್ ತೆಗೆದು, "ಕಣ್ಣು ಕೆಂಪಿನ ಮ್ಯಾಲಿರ್ಲಿ, ಕೈ ತಾನೇ ದಾರಿ ಹುಡಿಕ್ಕಂತೈತೆ" ಅಂದೆಯಷ್ಟೇ.

ಬೆಂಗಳೂರಿನ ಲ್ಯಾಬಿಗೆ ಸೇರಿ ನಾಲ್ಕನೇ ವರ್ಷ, ನೀನು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ದೆ. ನಾನಾಗ ಉರಿಯುತ್ತಿದ್ದೆ ಮಾವ. ಚಿಪ್ ಮೇಲೆ ಚಿಪ್ ಹಾಳು. ಒಂದರಲ್ಲೂ ಏನೂ ಬೆಳೆದಿರಲಿಲ್ಲ. ಉಳಿದದ್ದು ಒಂದೇ ಚಿಪ್. ಅದೂ ಹೋದರೆ ಈ ವಿಷಯವನ್ನೇ ಬಿಟ್ಟುಬಿಡು ಎಂದು ಪಿಎಚ್‌ಡಿ ಗೈಡ್ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅಂಥ ಹೊತ್ತಿನಲ್ಲಿ ನಿನ್ನ ಕುಶಾಲು.

"ಏನವ್ವ ನೀನು ಬೆಳೆಯೋದು?"

"ಕಾರ್ಬನ್ ನಳಿಗೆ ಮಾವ. ಕಣ್ಣಿಗೆ ಕಾಣಲ್ಲ."

"ಕಾಣದ ಬೆಳಿಗೆ ಕಾವಲು ಯಾರೇ?"

ನಗು ಬರಲಿಲ್ಲ. ಆದರೂ ಹೇಳಿದೆ. ಇಡೀ ಚಿಪ್ ಕಾಯಿಸಿದರೆ ಅದರ ಮೇಲಿನ ಉಳಿದ ಸರ್ಕ್ಯೂಟ್‌ಗಳು ಸುಡುತ್ತವೆ. ಅದಕ್ಕೇ ಕೂದಲಿಗಿಂತ ಸಣ್ಣದೊಂದು ಸಿಲಿಕಾನ್ ಎಳೆಗೆ ಮಾತ್ರ ಕರೆಂಟು ಹರಿಸಿ ಕೆಂಪಗೆ ಮಾಡುತ್ತೇನೆ. ಅದಕ್ಕೆ ಕಬ್ಬಿಣದ ತೆಳು ಲೇಪ ಇರುತ್ತದೆ. ಕೆಂಪು ಕಂಡ ಮೇಲೆ ಚಿಪ್ ಇಟ್ಟ ಡಬ್ಬಿಯೊಳಗೆ ಕಾರ್ಬನ್ ಇರುವ ಗ್ಯಾಸು ಬಿಡುತ್ತೇನೆ. ಎಲ್ಲಿ ಬಿಸಿಯೋ ಅಲ್ಲಷ್ಟೇ ನಳಿಗೆ ಹುಟ್ಟಬೇಕು, ಹುಟ್ಟುತ್ತಿಲ್ಲ.

ನೀನು ಎಲ್ಲ ಕೇಳಿಸಿಕೊಂಡೆ. ಆಮೇಲೆ, "ಗಂಗಿ, ಗ್ಯಾಸು ಬಿಟ್ರೆ ಕೆಂಪು ಆರಲ್ವಾ?"

"ಅಯ್ಯೋ, ಇದು ನಿನ್ ಕರೆಂಟ್ ಒಲೆ ಅಲ್ಲ ಮಾವ! ನಿಂಗಿದೆಲ್ಲ ತಿಳಿಯಲ್ಲ, ಇಡು ಫೋನು."

ನೀನು ಇಡುವ ಮೊದಲೇ ನಾನೇ ಇಟ್ಟೆ. ಹದಿನೈದು ದಿನಕ್ಕೆ ಅತ್ತೆಯ ಫೋನು. ಎದೆನೋವು ಅಂದೆಯಂತೆ, ದುರ್ಗದ ಆಸ್ಪತ್ರೆ ಮುಟ್ಟುವುದರೊಳಗೆ... ಆ ಮಾತು ಬಿಡು. ನನ್ನ ನಾಲಿಗೆಗೆ ಏನು ಬಂದಿತ್ತು ಮಾವ? ನಿನಗೆ ತಿಳಿಯದಿದ್ದರೆ ಇನ್ಯಾರಿಗೆ ತಿಳಿಯಬೇಕಿತ್ತು?

ಮಣ್ಣು ಮುಗಿಸಿ ಲ್ಯಾಬಿಗೆ ಮರಳಿದ ಮೇಲೆ ಕೊನೆಯ ಚಿಪ್ ಡಬ್ಬಿಗೆ ಹಾಕಿದೆ. ಕೋಣೆಯ ಲೈಟ್ ಆರಿಸಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕರೆಂಟು ಏರಿಸಿದೆ. ಎಳೆಯ ನಟ್ಟನಡುವೆ ಮಸುಕು ಕೆಂಪು ಹತ್ತಿತು. ಇಷ್ಟು ದಿನ ಇಲ್ಲಿಗೆ ಬಂದೊಡನೆ ಲೈಟ್ ಹಾಕಿ, ಗ್ಯಾಸಿನ ಪೈಪಿನ ಕಡೆ ತಿರುಗುತ್ತಿದ್ದೆ. ಆಮೇಲೆ ಆ ಕೆಂಪು ಏನಾಯಿತು ಎಂದು ಒಂದು ಸಲವೂ ನೋಡಿರಲಿಲ್ಲ! ಆವತ್ತು ಲೈಟ್ ಹಾಕಲಿಲ್ಲ. ಕಣ್ಣು ಕೆಂಪಿನ ಮೇಲೆಯೇ ಇಟ್ಟು, ಕತ್ತಲಲ್ಲಿ ಕೈಯಾಡಿಸಿ ಗ್ಯಾಸಿನ ತಿರುಪು ಹುಡುಕಿದೆ. ಮೆಲ್ಲಗೆ ತಿರುಗಿಸಿದೆ.

ಕೆಂಪು ಹೋಯಿತು.

ಕೈ ಕರೆಂಟಿನ ತಿರುಪಿಗೆ ಹೋಯಿತು. ಕರೆಂಟು ಕೂದಲೆಳೆಯಷ್ಟು ಜಾಸ್ತಿಯಾದರೂ ಎಳೆ ಕಿತ್ತು ನಾಲ್ಕು ವರ್ಷ ಮಣ್ಣುಪಾಲು. ಏರಿಸದಿದ್ದರೂ ಮಣ್ಣುಪಾಲೇ. ಒಂಚೂರು ಏರಿಸಿದೆ, ನಿಂತೆ. ಇನ್ನೊಂಚೂರು. ಬೆವರು ಕಣ್ಣಿಗಿಳಿಯಿತು, ರೆಪ್ಪೆ ಬಡಿಯಲೂ ಭಯ. ನಿನ್ನ ಹೆಸರು ಹಿಡಿದು ಮತ್ತೊಂದು ಸಲ ತಿರುಗಿಸಿದೆ. ಕೆಂಪು ಬಂತು ಮಾವ. ಬಂದು ನಿಂತಿತು. ನಿಲ್ಲಿಸುವಾಗ ನಿನ್ನ ಬಾಗಿಲೂ ನೆನಪಿತ್ತು: ಮೊದಲು ಕರೆಂಟು ಇಳಿಸಿದೆ, ಆಮೇಲೆ ಗ್ಯಾಸು ಮುಚ್ಚಿದೆ.

ದೊಡ್ಡ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಎಳೆಯ ನಡುವೆ ಮಾತ್ರ ಗುಂಗುರು ಗುಂಗುರಾಗಿ ನಳಿಗೆಗಳು ಬೆಳೆದಿದ್ದವು. ಎರಡು ತುದಿಯೂ ಬೋಳು. ಗೈಡ್ ಬೆನ್ನು ತಟ್ಟಿ, "ಗ್ಯಾಸಿಗೆ ಎಳೆ ತಣಿಯುತ್ತೆ ಅಂತ ಹೇಗೆ ಹೊಳೆಯಿತು?" ಎಂದರು. ಹೊಳೆದದ್ದು ನನಗಲ್ಲ ಸರ್ ಎಂದು ಹೇಳಲು ಹೋದವಳು, ಹೇಳದೆ ಹಿರಿಯೂರಿನ ಬಸ್ಸು ಹತ್ತಿದೆ. ನಾಳೆ ಹೋಗಿ ಹೇಳುತ್ತೇನೆ, ನಿನ್ನ ಹೆಸರು, ಅಂಗಡಿ ಎಲ್ಲ ಸೇರಿಸಿ.

ಅದಕ್ಕಿಂತ ಮುಂಚೆ ನಿನಗೆ ಹೇಳಬೇಕಿತ್ತು. ಫೋನ್ ಇಡಬೇಡ, ಕೇಳು.

ಹೂಂ ಮಾವ. ಗ್ಯಾಸು ಬಿಟ್ರೆ ಕೆಂಪು ಆರ್ತೈತೆ.

ನಿನ್ನ
ಗಂಗಿ